ಕಡಿದ ಕಾಯಿ

ಹಗ್ಗದಡಿ ಬಗ್ಗಿ ಒಳಗೆ ಬರುತ್ತಿದ್ದ ರಾಚಮ್ಮನನ್ನು ಪೊಲೀಸಿನವನು ತಡೆದ.

"ಸಾಲಲ್ಲಿ ಬನ್ನಿ ಅಜ್ಜಿ. ಎಲ್ರೂ ನೋಡಕ್ಕೇ ಬಂದಿರೋದು."

"ಅಮ್ಮಣ್ಣಿ ಜೊತೆ ಚೌಕಾಬಾರ ಆಡೋಳು ಕಣಪ್ಪ ನಾನು."

ಒಳಗಿಂದ ಮಾಲಿನಿಯವರ ತಮ್ಮ ಶಾಂತಮೂರ್ತಿ ಕೈಬೀಸಿದ ಮೇಲೆ ಬಿಟ್ಟ.

ರಾಮಾಪುರದ ಆ ಮನೆಯ ಮುಂದೆ ಹನೂರು, ಕೊಳ್ಳೇಗಾಲದಿಂದ ಬಂದ ಜನ ಕಿಕ್ಕಿರಿದಿದ್ದರು. ಸಿನಿಮಾದಲ್ಲಿ ತಾಯಿಯ ಪಾತ್ರ ಮಾಡಿ ಹೆಸರಾಗಿದ್ದ ಮಾಲಿನಿಯವರ ದೇಹವನ್ನು ಚಪ್ಪರದಡಿ ಹೂವಿನ ನಡುವೆ ಕೂರಿಸಿದ್ದರು. ಪಕ್ಕದಲ್ಲಿದ್ದ ಮಗಳು ಪವಿತ್ರ ರಾಚಮ್ಮನನ್ನು ಕಂಡು ಮುಖ ತಿರುಗಿಸಿದಳು.

*

ಶೂಟಿಂಗ್ ಬಿಡುವಿನಲ್ಲೂ ಮಾಲಿನಿಗೆ ಚೌಕಾಬಾರವೇ ಬೇಕು. ಕವಡೆಯ ಗಂಟು ಬ್ಯಾಗಿನಲ್ಲೇ ಇರುತ್ತಿತ್ತು. ಆದರೆ ಹೆಸರು ಬಂದಮೇಲೆ ಎದುರು ಕೂತವರೆಲ್ಲ ಬೇಕೆಂದೇ ಸೋಲತೊಡಗಿದರು. ಬೇಸತ್ತು ಊರಿಗೆ ಬಂದವರು, ಹೊಲದ ಕೆಲಸಕ್ಕೆ ಬರುತ್ತಿದ್ದ ರಾಚಮ್ಮನನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಅವಳೂ ಅವರ ಕಾಯಿ ಕಡಿಯುವ ಗರ ಬಿದ್ದರೂ ಕಡಿಯಲಿಲ್ಲ.

"ಲೇ ರಾಚಿ, ನನ್ ಕಾಯಿ ಯಾಕೆ ಬಿಟ್ಟೆ?"

"ನೀವು ದೊಡ್ಡೋರು ಅಮ್ಮಣ್ಣಿ."

"ಮಣೆ ಮುಂದೆ ಯಾರೇ ದೊಡ್ಡೋರು? ಕಡಿ."

ಕಡಿದಳು. ಮಾಲಿನಿ ಸೋತರು, ಇನ್ನೊಂದಾಟ ಆಗಲೇಬೇಕೆಂದು ಹಟ ಹಿಡಿದರು. ಅಂದಿನಿಂದ ಬಿಡುವು ಸಿಕ್ಕರೆ ಕಾರು ರಾಮಾಪುರಕ್ಕೇ ತಿರುಗುತ್ತಿತ್ತು. ಇಬ್ಬರಿಗೂ ತಲೆ ನೆರೆಯಿತು.

ಕಾಯಿಲೆ ವಾಸಿಯಾಗದೆಂದು ತಿಳಿದಾಗಲೂ ಅವರು ಬಂದದ್ದು ಇಲ್ಲಿಗೇ. ಕೊನೆಯ ಆಟ ಹೋದ ವಾರ. ದಿಂಬಿಗೊರಗಿ ಕವಡೆ ಬಿಡುತ್ತಿದ್ದರು. ಅವರ ಕಡೆಯ ಕಾಯಿ ಇನ್ನೇನು ನಡುಮನೆ ಸೇರಿ ಹಣ್ಣಾಗುವುದರಲ್ಲಿತ್ತು. ಅಷ್ಟರಲ್ಲಿ ರಾಚಮ್ಮನಿಗೆ ಅದನ್ನು ಕಡಿಯುವ ಗರ ಬಿತ್ತು. ಬೇಡವೆಂದು ಪವಿತ್ರ ಕಣ್ಸನ್ನೆ ಮಾಡಿದಳು.

ರಾಚಮ್ಮ ಅಮ್ಮಣ್ಣಿಯ ಮುಖ ನೋಡಿದಳು. ಕಡಿದಳು.

ಮಾಲಿನಿ ಕೆಮ್ಮು ಬರುವಷ್ಟು ನಕ್ಕರು. ಪವಿತ್ರ ಎದ್ದು ಹೊರಗೆ ಹೋದಳು.

*

ಹೊಲದಂಚಿನ ಸಮಾಧಿಗುಂಡಿಯ ಬಳಿ, ಜನರಿಂದ ದೂರ ನಿಂತಿದ್ದ ರಾಚಮ್ಮನ ಹತ್ತಿರ ಪವಿತ್ರ ಬಂದಳು.

"ಅವತ್ತೊಂದಿನ ಅಮ್ಮಂಗೆ ಬಿಟ್ಟುಕೊಡ್ಬಹುದಿತ್ತಲ್ಲ ರಾಚಮ್ಮ?"

"ಬುಟ್ಟಿದ್ರೆ ತಿಳ್ಕೊಬುಡೋರು ಕಣವ್ವ. ಇವ್ಳೂ ಎಲ್ರಂಗಾದ್ಲಲ್ಲ ಅಂತ ನೊಂದ್ಕೊಂಡು ಓಗೋರು."

ನೆಂಟರು ಮಣ್ಣು ಹಾಕಲು ಮುಂದಾದಾಗ ಪವಿತ್ರ ಅವರನ್ನು ನಿಲ್ಲಿಸಿ, ರಾಚಮ್ಮನ ತೋಳು ಹಿಡಿದು ಗುಂಡಿಯ ಅಂಚಿಗೆ ಕರೆತಂದಳು.

ರಾಚಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಮುಚ್ಚಿದ ಮುಷ್ಟಿ ಕವಡೆ ಕುಲುಕುವಂತೆ ಅಲುಗಿತು. ಆಮೇಲೆ ಮೆಲ್ಲಗೆ ಬೆರಳು ಬಿಡಿಸಿದಳು.