ಹನ್ನೆರಡನೆಯ ನಾಮ

ಚೆನ್ನೈಯ ವೇಲಚೇರಿ ಸ್ಟೇಷನ್ನಿನ ಹತ್ತಿರದ ದುರ್ಗಾಂಬಾ ಭವನದಲ್ಲಿ ಒಂದು ಕಟ್ಟುಪಾಡು ಇತ್ತು. ಮಾಡಿದ ಅಡುಗೆಯನ್ನು ದೇವರ ಪಟದ ಮುಂದಿಟ್ಟು ನೈವೇದ್ಯ ಮಾಡುವ ಮೊದಲು ಯಾರೂ ಅದರ ರುಚಿ ನೋಡುವಂತಿಲ್ಲ. ವಿಶ್ವನಾಥ ಭಟ್ಟರು ಮೂವತ್ತೊಂದು ವರ್ಷ ಹಾಗೆಯೇ ಸಾಂಬಾರು ಮಾಡಿದವರು. ಹೊಸಬರು ಪರಿಚಯ ಕೇಳಿದರೆ ಊರು, ಮನೆತನ ಯಾವುದೂ ಅವರ ಬಾಯಿಗೆ ಬರುತ್ತಿರಲಿಲ್ಲ. "ನಾನು ರುಚಿ ನೋಡದೆ ಅಡುಗೆ ಮಾಡುವವ" ಎನ್ನುತ್ತಿದ್ದರು.

ಹೆಂಡತಿ ಊರ್ಮಿಳಾ ತೀರಿಕೊಂಡು, ಸೂತಕ ಕಳೆದು, ಅವರು ಕೆಲಸಕ್ಕೆ ಮರಳಿ ನಾಲ್ಕು ದಿನವಾಗಿತ್ತು. ಅಷ್ಟರಲ್ಲಿ ಎರಡು ದಿನ ಸಾಂಬಾರಿಗೆ ಉಪ್ಪೇ ಬೀಳಲಿಲ್ಲ. ಒಂದು ದಿನ ಎರಡೆರಡು ಸಲ ಬಿತ್ತು. ನಾಲ್ಕನೆಯ ದಿನ ಹೋಟೆಲಿನ ಯಜಮಾನ ಚರಣ್ ಅಡುಗೆಮನೆಗೆ ಬಂದ. ಚೆನ್ನೈಯಲ್ಲೇ ಹುಟ್ಟಿ ಬೆಳೆದವನು. ಅಪ್ಪನ ಕಾಲದ ಭಟ್ಟರೆಂದರೆ ಅವನಿಗೆ ಗೌರವ. ಆದರೂ ಕೈಯಲ್ಲಿ ಒಂದು ಚಮಚ ಹಿಡಿದೇ ಬಂದಿದ್ದ.

"ಭಟ್ರೇ, ತಪ್ಪು ತಿಳ್ಕೋಬೇಡಿ. ನಾಳೆಯಿಂದ ಇಳಿಸೋ ಮುಂಚೆ ಒಂದು ಚಮಚ ರುಚಿ ನೋಡಿ, ಅಷ್ಟೇ ಪೋದುಂ, ಸಾಕು. ಆಗಲ್ಲ ಅಂದ್ರೆ ಟೋಕನ್ ಕೌಂಟರ್‌ನಲ್ಲಿ ಕೂತ್ಕೊಳ್ಳಿ. ಫ್ಯಾನ್ ಇದೆ, ಆರಾಮ."

"ಎಂಜಲನ್ನು ದೇವರಿಗೆ ಇಡುವುದಾ?"

"ಉಪ್ಪಿಲ್ಲದ್ದನ್ನ ಇಟ್ರಲ್ಲ, ಅದು?"

ಭಟ್ಟರು ಒಲೆಯ ಕಡೆ ತಿರುಗಿದರು. ಕೌಂಟರಿನಲ್ಲಿ ಕೂತರೆ ಸಂಬಳ ಕಡಿಮೆಯಾಗುತ್ತಿರಲಿಲ್ಲ, ನಿಜ. ಆದರೆ ಊರ್ಮಿಳೆಯ ಗಂಡ ಎಂಬುದು ಹೋಗಿಯಾಗಿತ್ತು. ಇದೂ ಹೋದರೆ ತಾನು ಯಾರು ಎಂದು ಅವರಿಗೆ ತಿಳಿಯದಾಯಿತು.

ಮಧ್ಯಾಹ್ನ ದೋಸೆ ಕಾವಲಿ ತಿಕ್ಕುತ್ತಿದ್ದ ಐತಪ್ಪ ತಾನಾಗಿಯೇ ಮಾತು ತೆಗೆದ.

"ನೀವು ಬಾಯಿ ಮುಚ್ಚಿಕೊಂಡದ್ದರಿಂದ ನನಗೂ ಕಷ್ಟ ಆಗಿದೆ ಭಟ್ರೇ."

"ನಿನಗೆ ಎಂತ ಕಷ್ಟ?"

"ಮೊದಲು ಸೌಟು ತಿರುಗಿಸುವಾಗ ಕೇಶವ, ನಾರಾಯಣ ಅಂತ ಇಪ್ಪತ್ನಾಲ್ಕು ನಾಮ ಹೇಳ್ತಿದ್ರಿ. ಹನ್ನೆರಡನೇದು ದಾಮೋದರ ಅನ್ನುವಾಗ ನಿಮ್ಮ ಕೈ ಉಪ್ಪಿನ ಡಬ್ಬಕ್ಕೆ ಹೋಗ್ತಿತ್ತು. ಅದನ್ನು ಕೇಳಿ ನಾನು ಕಾವಲಿಗೆ ನೀರು ಚಿಮುಕಿಸ್ತಿದ್ದೆ. ಈಗ ನನ್ನ ಮೊದಲ ದೋಸೆ ದಿನಾ ಅಂಟ್ತದೆ. ದೇವರ ಹೆಸರು ನಿಮಗೆ ಮಾತ್ರ ಅಂತ ಮಾಡಿದ್ದೀರಾ?"

ಭಟ್ಟರು ಬೆರಗಾದರು. ಉಪ್ಪು ಯಾವಾಗ ಹಾಕುತ್ತೇನೆಂದು ಅವರಿಗೇ ಗೊತ್ತಿರಲಿಲ್ಲ.

"ಆಸ್ಪತ್ರೆಯಲ್ಲಿ ಅವಳ ತಲೆದೆಸೆಯಲ್ಲಿ ಕೂತು ಹಗಲಿಡೀ ಹೇಳಿದೆ ಐತಪ್ಪ. ಆಮೇಲೆ ಸೂತಕದಲ್ಲಿ ನಿಂತದ್ದು ನಿಂತೇ ಹೋಯಿತು. ಈಗ ಹೇಳಲು ಮನಸ್ಸೇ ಇಲ್ಲ. ಮನಸ್ಸಿಲ್ಲದೆ ಹೇಳಿದರೆ ದೇವರಿಗೆ ಸುಳ್ಳು ಹೇಳಿದ ಹಾಗೆ."

"ಮೂವತ್ತೊಂದು ವರ್ಷ ದಿನಾ ಮನಸ್ಸಿಟ್ಟೇ ಹೇಳಿದ್ದಾ ಮಾರಾಯ್ರೆ? ಗ್ಯಾಸ್ ಮುಗಿದ ದಿನವೂ?"

ಭಟ್ಟರಿಗೆ ನಗು ಬಂತು. ಹದಿನೇಳು ದಿನಗಳ ಮೇಲೆ ಬಂದ ಮೊದಲ ನಗು ಅದು.

ಮನೆಗೆ ನಡೆಯುತ್ತಾ ಯೋಚಿಸಿದರು. ಎಷ್ಟೋ ಬೆಳಿಗ್ಗೆ ಮನೆಬಾಡಿಗೆ, ತಪ್ಪಿದ ಬಸ್ಸು, ಊರ್ಮಿಳೆಯೊಡನೆ ಆಡಿದ ಜಗಳ ಇವೇ ತಲೆಯಲ್ಲಿದ್ದವು. ನಾಲಿಗೆ ಮಾತ್ರ ತನ್ನ ಪಾಡಿಗೆ ನಾಮ ಹೇಳುತ್ತಿತ್ತು. ಕೊನೆಯ ನಾಮಕ್ಕೆ ಬರುವಷ್ಟರಲ್ಲಿ ಮನಸ್ಸು ಹೇಗೋ ಬಂದು ಸೇರಿಕೊಳ್ಳುತ್ತಿತ್ತು. ಭಕ್ತನಾದ್ದರಿಂದ ಹೇಳುತ್ತಿದ್ದೇನೆಂದು ಇಷ್ಟು ವರ್ಷ ತಿಳಿದಿದ್ದರು. ದಿನಾ ಹೇಳಿದ್ದರಿಂದಲೇ ಭಕ್ತನಾಗಿ ಉಳಿದಿದ್ದೆ ಎಂದು ಈಗ ಹೊಳೆಯಿತು.

ಮರುದಿನ ಬೆಳಿಗ್ಗೆ ಚರಣ್ ಒಲೆಯ ಪಕ್ಕದಲ್ಲೇ ನಿಂತಿದ್ದ. ಭಟ್ಟರು ಸೌಟು ಇಳಿಸಿ "ಕೇಶವ" ಎಂದರು. ದನಿ ಒಣಗಿತ್ತು. ಆರನೆಯ ನಾಮಕ್ಕೆ ಊರ್ಮಿಳೆಯ ಮುಖ ಕಣ್ಣಿಗೆ ಕಟ್ಟಿತು. ಮನಸ್ಸು ಎಲ್ಲೂ ಇರಲಿಲ್ಲ. ಅದನ್ನು ಕಾಯದೆ ಅವರು ಏಳನೆಯದನ್ನು ಹೇಳಿದರು, ಎಂಟನೆಯದನ್ನು ಹೇಳಿದರು. "ದಾಮೋದರ" ಎಂದಾಗ ಬಲಗೈ ತಾನಾಗಿ ಡಬ್ಬಕ್ಕೆ ಹೋಗಿ ಹಿಡಿ ಉಪ್ಪು ತಂದು ಹಾಕಿತು. ಆಚೆ ಕಾವಲಿಯ ಮೇಲೆ ನೀರು ಚುಂಯ್ ಎಂದಿತು.

ಇಪ್ಪತ್ತನಾಲ್ಕೂ ಮುಗಿದ ಮೇಲೆ ಭಟ್ಟರು ಒಂದು ಬಟ್ಟಲು ಸಾಂಬಾರು ಪಟದ ಮುಂದಿಟ್ಟು ಕೈಮುಗಿದರು. ಆಮೇಲೆ ಇನ್ನೊಂದು ಬಟ್ಟಲು ತುಂಬಿ ಚರಣನಿಗೆ ಕೊಟ್ಟರು. ಅವನು ಅದನ್ನು ತುಟಿಗೆ ತರುವ ಮೊದಲೇ ಹೇಳಿದರು:

"ಉಪ್ಪು ಸರಿ ಉಂಟು. ಕುಡಿದು ಬಟ್ಟಲು ತೊಳೆಯಲಿಕ್ಕೆ ಹಾಕು. ನನಗೆ ಇನ್ನು ಸಾರು ಇಡಬೇಕು, ದಾರಿ ಬಿಡು."