ನೀಲಕಂಠಸ್ವಾಮಿಗಳ ನಾಲ್ಕು ಕಾರುಗಳು

ಕಾರು ಹತ್ತುವ ಮೊದಲು ಕಾಲಿನ ಜೋಡನ್ನು ಕಳಚಿ ರಸ್ತೆಯ ಬದಿಯಲ್ಲಿ ಬಿಡುತ್ತಿದ್ದವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹನಗೋಡಿನ ನೀಲಕಂಠಸ್ವಾಮಿಗಳು. ದೇವಸ್ಥಾನದ ಹೊಸಿಲ ಮುಂದೆ ನಿಂತವರಂತೆ ಅರೆಕ್ಷಣ ತಡೆದು, ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚುಕಟ್ಟಾಗಿ ಇಟ್ಟು, ಪಂಚೆಯ ಚುಂಗನ್ನು ಎತ್ತಿ ಹಿಡಿದು ಒಳಗೆ ಕೂರುವರು, ಕಾರು ಹೊರಟುಹೋಗುವುದು, ಜೋಡು ಅಲ್ಲೇ ಉಳಿಯುವುದು. ಹುಣಸೂರಿನ ಸೇತುವೆಯ ಬಳಿಯಲ್ಲೋ ಪಿರಿಯಾಪಟ್ಟಣದ ಸಂತೆಮಾಳದ ಅಂಚಿನಲ್ಲೋ ಅಂಥ ಜೋಡು ಕಂಡರೆ ಯಾರೂ ಮುಟ್ಟುತ್ತಿರಲಿಲ್ಲ. “ಸ್ವಾಮ್ಯೋರು ಮೈಸೂರ್ಗೆ ಓಗವ್ರೆ” ಎಂದುಕೊಂಡು, ದನ ತುಳಿಯದಂತೆ ಎತ್ತಿ ಕಲ್ಲಿನ ಮೇಲಿಟ್ಟು ಮುಂದೆ ಹೋಗುತ್ತಿದ್ದರು. ಸ್ವಾಮಿಗಳು ಮಾತ್ರ ಮೈಸೂರಿನ ದೊಡ್ಡ ದೊಡ್ಡ ಕಚೇರಿಗಳ ನುಣುಪು ನೆಲದ ಮೇಲೆ ಬರಿಗಾಲಿನಲ್ಲಿ, ಕಿಂಚಿತ್ತೂ ಸಂಕೋಚವಿಲ್ಲದೆ, ನಡೆದಾಡಿ ಬರುತ್ತಿದ್ದರು.

ನಾನು ಹನಗೋಡಿನ ಶಾಲೆಗೆ ಮೇಷ್ಟರಾಗಿ ಬಂದಾಗ ಅವರಿಗೆ ನಲವತ್ತು ದಾಟಿರಬಹುದು. ಎತ್ತರದ ಆಳು, ಮುಂದೆಲ್ಲೋ ಯಾರೋ ಕೂಗಿ ಕರೆಯುತ್ತಿದ್ದಾರೆಂಬಂತೆ ಸದಾ ತುಸು ಮುಂದಕ್ಕೆ ಬಾಗಿದ ನಡಿಗೆ, ಹಣೆಯ ತುಂಬ ವಿಭೂತಿ, ಬೇಸಗೆಯಲ್ಲೂ ಮೈಬಿಡದ ಕಪ್ಪು ಮುಚ್ಚುಗೊರಳಿನ ಕೋಟು. ಅದರ ಎಡತೋಳಿನ ಅಂಚಿಗೆ ಕಾರಿನ ಎಣ್ಣೆಯ ಕಲೆಯೊಂದು ಅಂಟಿಕೊಂಡಿತ್ತು. ಕೋಟು ಬದಲಾದರೂ ಆ ಕಲೆ ಹೇಗೋ ಹೊಸ ಕೋಟಿನ ಅದೇ ಜಾಗಕ್ಕೆ ಬಂದು ಸೇರುತ್ತಿತ್ತು. ಲಕ್ಷ್ಮಣತೀರ್ಥದ ನಾಲೆಯ ಬಯಲಿನಲ್ಲಿ ಒಳ್ಳೆಯ ಗದ್ದೆಗಳಿದ್ದವು, ಊರಿನಲ್ಲಿ ಮರ್ಯಾದೆಯಿತ್ತು, ಮನೆಯಲ್ಲಿ ಚೆನ್ನಾಜಮ್ಮನವರಂಥ ಗಂಭೀರ ಗೃಹಿಣಿಯಿದ್ದರು. ಇಷ್ಟೆಲ್ಲ ಕೊಟ್ಟ ಭಗವಂತ ಅವರಿಗೆ ಒಂದು ಪದವನ್ನು ಮಾತ್ರ ಕೊಡುವುದನ್ನು ಮರೆತಿದ್ದ. ಕೇಳಲು ಬಂದವರಿಗೆ ‘ಇಲ್ಲ’ ಎನ್ನುವುದು ಅವರಿಂದ ಸಾಧ್ಯವಿರಲಿಲ್ಲ. “ಆಗ್ಲಿ ಬುಡಿ, ಅದಕ್ಕೇನಂತೆ” ಎಂಬುದೇ ಸಕಲ ಯಾಚನೆಗಳಿಗೂ ಅವರ ಏಕೈಕ ಉತ್ತರ.

ಅವರ ಮೊದಲ ಕಾರು ಮನೆಗೆ ಬಂದದ್ದೂ ಈ ಮಾತಿನಿಂದಲೇ. ಮೊದಲ ಮಹಾಯುದ್ಧದ ಕಾಲ. ತೋಟದ ಆಳುಗಳಿಗಾಗಿ ವರ್ಷವರ್ಷವೂ ಇವರಿಂದ ಭತ್ತ ಕೊಳ್ಳುತ್ತಿದ್ದ ಕೊಡಗಿನ ಬಿಳಿಯ ದೊರೆಯೊಬ್ಬ ಸೈನ್ಯಕ್ಕೆ ಹೊರಟವನು, ದಾರಿಯಲ್ಲಿ ಇವರ ಮನೆಯ ಮುಂದೆ ಕಾರು ನಿಲ್ಲಿಸಿ, ಇದನ್ನು ನೀನೇ ಇಟ್ಟುಕೊಳ್ಳಬೇಕು, ಗುರುತಿಲ್ಲದವನ ಕೈಗೆ ಕೊಡಲು ನನಗೆ ಮನಸ್ಸಿಲ್ಲ ಎಂದನಂತೆ. ಅಲ್ಲಿಯವರೆಗೆ ಎತ್ತಿನ ಬಾಲ ಹಿಡಿದು ಗೊತ್ತಿತ್ತೇ ಹೊರತು ಚಕ್ರ ತಿರುಗಿಸಿ ಗೊತ್ತಿರದ ಸ್ವಾಮಿಗಳು, ಹೋಗುವವನ ಮನಸ್ಸು ನೋಯಿಸಬಾರದೆಂದು, ಆಗಲಿ ಬಿಡಿ ಎಂದರು. ಹಿತ್ತಾಳೆಯ ದೀಪಗಳು, ಬಟ್ಟೆಯ ಮೇಲ್ಮುಚ್ಚಿಗೆ, ರಬ್ಬರ್ ಬುರುಡೆ ಹಿಸುಕಿದರೆ ಹಂಸದಂತೆ ಕೂಗುವ ಹಾರ್ನ್. ಊರು ಅದನ್ನು ‘ದೊರೆ ಕಾರು’ ಎಂದು ಕರೆಯಿತು. ಅದನ್ನು ನಡೆಸಲು ಜವರಯ್ಯನೆಂಬುವನು ಹುಣಸೂರಿನಲ್ಲಿ ಕಲಿತು ಬಂದ. ಮುಂದೆ ನಾಲ್ಕೂ ಕಾರುಗಳಿಗೆ ಅವನೇ ಸಾರಥಿಯಾದ.

ಆ ಕಾರಿನಲ್ಲಿ ಚೆನ್ನಾಜಮ್ಮನವರು ಒಂದೇ ಒಂದು ಸಲ, ಗಂಡನೊಡನೆ ನಂಜನಗೂಡಿಗೆ ಹೋಗಿ ಬಂದರು. ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದರಂತೆ. ದೇವರ ಧ್ಯಾನದಲ್ಲಿದ್ದಾರೆ ಎಂದುಕೊಂಡು ಸ್ವಾಮಿಗಳು ತಾವೂ ಮೌನವಾಗಿದ್ದರು.

ಅಲ್ಲಿಂದ ಮುಂದೆ ಕಾರು ಮನೆಯವರದ್ದಾಗಿ ಉಳಿಯಲಿಲ್ಲ. ಮದುವೆಯ ಗಂಡು ಅದರಲ್ಲೇ ಬರಬೇಕು; ಹೆರಿಗೆಗೆ ತವರಿಗೆ ಹೋಗುವವಳು ಅದರಲ್ಲೇ ಹೋಗಬೇಕು; ಕಂದಾಯದ ಜಮಾಬಂದಿಗೆ ಬಂದ ಅಮಲ್ದಾರರು ಹಳ್ಳಿ ಸುತ್ತಬೇಕು. ಕೊನೆಗೊಂದು ಆಷಾಢದಲ್ಲಿ ಯಾರದೋ ಅವಸರಕ್ಕೆ ಹೊಳೆ ದಾಟಲು ಹೋಗಿ ದೊರೆ ಕಾರು ನೀರಿನ ನಡುವೆ ಕುಳಿತುಬಿಟ್ಟಿತು. ಒಳಗಿದ್ದವರನ್ನು ಹೆಗಲ ಮೇಲೆ ಹೊತ್ತು ತಂದರು. ಕಾರನ್ನು ಎತ್ತು ಕಟ್ಟಿ ಎಳೆತಂದರು. ಅದರ ಯಂತ್ರ ಮತ್ತೆ ಉಸಿರಾಡಲಿಲ್ಲ. ಅಂದು ಸ್ವಾಮಿಗಳ ಮುಖದಲ್ಲಿ ಮಗಳ ಮದುವೆಯನ್ನು ನಿರ್ವಿಘ್ನವಾಗಿ ಮುಗಿಸಿದವನ ಕಳೆಯಿತ್ತೆಂದು ಜವರಯ್ಯ ನನಗೆ ಹೇಳುತ್ತಿದ್ದ. ಆದರೆ ಆ ಕಳೆ ಬಹಳ ದಿನ ಬಾಳಲಿಲ್ಲ. ಊರಿನವರು ಜಗಲಿಯ ಮುಂದೆ ಬಂದು ನಿಂತು, “ಏನ್ ಸ್ವಾಮ್ಯೋರೆ, ಇಂಗೆ ಕಾರಿಲ್ದೆ ಕುಂತ್ಕಂಡ್ರೆ ನಮ್ ಗತಿ ಏನು?” ಎಂದು ಆಕ್ಷೇಪಿಸಿದರು. ತಮ್ಮದೇ ತಪ್ಪೆಂಬಂತೆ ಸ್ವಾಮಿಗಳು ಮೈಸೂರಿಗೆ ಹೋಗಿ ಕರಿಯ ಬಣ್ಣದ ಎರಡನೆಯ ಕಾರು ತಂದರು.

ಆ ಕರಿಯ ಕಾರಿನ ಕಾಲದಲ್ಲಿ ನಡೆದದ್ದೊಂದು ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಚೆನ್ನಾಜಮ್ಮನವರನ್ನು ದಸರೆಗೆ ಕರೆದುಕೊಂಡು ಹೋಗುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಆಕೆ ರೇಷ್ಮೆಸೀರೆ ಉಟ್ಟು, ಬುತ್ತಿ ಕಟ್ಟಿ, ಹೊಸಿಲಿಗೆ ಬಂದ ಹೊತ್ತಿಗೆ ಬೀದಿಯ ಕೊನೆಯ ಮನೆಯವರು ಬಂದು, ಪೇಟೆಯಲ್ಲಿರುವ ಮಗಳ ಮನೆಗೆ ಹೋಗಬೇಕು, ಕಾರು ಬೇಕು ಎಂದರು. ಸ್ವಾಮಿಗಳು ಹೆಂಡತಿಯ ಮುಖ ನೋಡಿದರು, ಬಂದವರ ಮುಖ ನೋಡಿದರು. ಆಗಲಿ ಬಿಡಿ ಎಂದರು. ಚೆನ್ನಾಜಮ್ಮನವರು “ಇರ್ಲಿ ಬುಡಿ” ಎಂದಷ್ಟೇ ಹೇಳಿ ಒಳಗೆ ಹೋಗಿ ಸೀರೆ ಮಡಿಸಿಟ್ಟರು. ಮತ್ತೆಂದೂ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. “ಆ ಇರ್ಲಿ ಬುಡಿ ಅಂದ ಮಾತು ಐತಲ್ಲ ಮೇಷ್ಟ್ರೇ, ಅದು ನನ್ನ ಬುಡ್ನೇ ಇಲ್ಲ” ಎಂದು ಸ್ವಾಮಿಗಳು ನನ್ನೊಡನೆ ಎಷ್ಟೋ ಸಲ ಹೇಳಿಕೊಂಡು ನೊಂದದ್ದುಂಟು. “ಊರಿಗೆಲ್ಲ ಕಾರು ಕೊಟ್ಟೆ. ಮನೆಯಾಕೇನ ಬೀದೀಲಿ ಬುಟ್ಟಂಗೆ ಮಾಡ್ದೆ.”

ಮೂರನೆಯದಾದ ಹಸಿರು ಕಾರಿನಲ್ಲಿ ನಾನೂ ಸಾಕಷ್ಟು ಓಡಾಡಿದ್ದೇನೆ. ಒಮ್ಮೆ ಹೆಗ್ಗಡದೇವನಕೋಟೆಯ ಕಡೆಯ ಮದುವೆಯೊಂದಕ್ಕೆ, ಹಿಂಬದಿಗೆ ಬಾಳೆಗೊನೆಗಳನ್ನು ಬಿಗಿದು, ಸ್ವಾಮಿಗಳು, ನಾನು, ಜವರಯ್ಯ ಹೊರಟಿದ್ದೆವು. ಕಾಡಿನ ಅಂಚಿನ ತಿರುವಿನಲ್ಲಿ, ಹಾಡಹಗಲೇ, ಒಂಟಿ ಸಲಗವೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಜವರಯ್ಯ ಯಂತ್ರ ನಿಲ್ಲಿಸಿದ. ಆನೆ ನಿಧಾನವಾಗಿ ಬಂದು, ನಮ್ಮನ್ನು ಒಮ್ಮೆ ಮೂಸಿ, ಹಿಂದಕ್ಕೆ ಹೋಗಿ ಗೊನೆಗಳನ್ನು ಒಂದೊಂದಾಗಿ ಕಿತ್ತು ತಿನ್ನತೊಡಗಿತು. ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ನಾನು ಕಲಿತ ಸ್ತೋತ್ರಗಳೆಲ್ಲ ಮರೆತುಹೋಗಿದ್ದವು. ಆಗ ಸ್ವಾಮಿಗಳು ಪಿಸುದನಿಯಲ್ಲಿ, “ತಗೊಳ್ಲಿ ಬುಡು, ಜವರ. ಅದೂ ಪಾಪ ಕೇಳ್ತಾ ಅದೆ” ಎಂದರು. ಆನೆ ಕಾಡು ಸೇರಿದ ಮೇಲೆ ಜವರಯ್ಯ ಬೆವರು ಒರೆಸಿಕೊಂಡು, “ಅಲ್ಲ ಬುದ್ದಿ, ಆನೆಗೂ ಇಲ್ಲ ಅನ್ನಕಿಲ್ವಲ್ಲ ನೀವು!” ಎಂದ. ಜೀವ ಉಳಿದ ಸಂತೋಷಕ್ಕೆ ಮೂವರೂ ರಸ್ತೆಯ ಬದಿ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾಲ್ಕನೆಯದು ಬೂದುಬಣ್ಣದ ಸಣ್ಣ ಕಾರು. ಎರಡನೆಯ ಯುದ್ಧ ಆರಂಭವಾಗಿತ್ತು. ವೈಶಾಖದ ಒಂದು ಸಂಜೆ ಊರಿನ ಗುರುಸ್ವಾಮಿ ಎಂಬವರು ಬಂದು, ಕೃಷ್ಣರಾಜನಗರದ ಕಡೆಯಿಂದ ಹೆಣ್ಣು ತರುತ್ತಿದ್ದೇವೆ, ಮಗ ಕಾರಿನಲ್ಲಿ ಇಳಿದರೆ ಬೀಗರ ಮುಂದೆ ನಮ್ಮ ಮಾನ ಉಳಿಯುತ್ತದೆ ಎಂದು ಕೈಮುಗಿದರು. ಚೆನ್ನಾಜಮ್ಮನವರಿಗೆ ಆಗಲೇ ಮೈ ಬೆಚ್ಚಗಿತ್ತು, ಕೆಮ್ಮೂ ಇತ್ತು. ಸ್ವಾಮಿಗಳು ಒಳಮನೆಯ ಕಡೆಗೊಮ್ಮೆ ತಿರುಗಿ ನೋಡಿ, ಎಂದಿನ ಮಾತನ್ನೇ ಆಡಿದರು. ಕಾರು ಹೋಯಿತು.

ಮರುದಿನ ಬೆಳಗಾಗುವಷ್ಟರಲ್ಲಿ ಜ್ವರ ಏರಿ ಚೆನ್ನಾಜಮ್ಮನವರಿಗೆ ಉಸಿರಾಡುವುದೇ ಕಷ್ಟವಾಯಿತು. ಪಕ್ಕೆ ಹಿಡಿದುಕೊಂಡು ನರಳುತ್ತಿದ್ದರು. ಊರಿನ ಒಂದೇ ಬಸ್ಸು ಆಗಲೇ ಹೊರಟುಹೋಗಿತ್ತು. ಸ್ವಾಮಿಗಳು ಕಾರು ನಿಲ್ಲುತ್ತಿದ್ದ ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಬರಿದಾದ ಜಾಗವನ್ನು ನೋಡುತ್ತ ನಿಂತುಬಿಟ್ಟರು. ಹೊಲದಾಳು ಮರಿಯಯ್ಯ ಯಾರ ಅಪ್ಪಣೆಗೂ ಕಾಯದೆ ಕಮಾನು ಗಾಡಿಗೆ ಹುಲ್ಲು ಹಾಸಿ, ಜಮಖಾನ ಹೊದಿಸಿ, ಎತ್ತು ಕಟ್ಟಿದ. “ಬನ್ನಿ ಸ್ವಾಮ್ಯೋರೆ, ನಿಂತ್ಕಂಡ್ರೆ ಒತ್ತು ಓಯ್ತದೆ. ಬಿಸ್ಲು ಏರೋದ್ರೊಳಗೆ ಉಣಸೂರ್ ಸೇರ್ಸ್‌ಬುಡ್ತೀನಿ” ಎಂದ.

ನಾನೂ ಜೊತೆಗೆ ಹೊರಟೆ. ಗಾಡಿಯಲ್ಲಿ ಜಾಗವಿತ್ತು, ಆದರೂ ಸ್ವಾಮಿಗಳು ಹತ್ತಲಿಲ್ಲ. ಗಾಡಿಯ ಪಕ್ಕದ ಗೂಟ ಹಿಡಿದು, ಹುಣಸೂರಿನವರೆಗೆ ನಡೆದೇ ಬಂದರು. ಹಿಂದೆ ಯಾವುದೇ ಸದ್ದಾದರೂ ತಿರುಗಿ ನೋಡುತ್ತಿದ್ದರು. ಧೂಳು ಎದ್ದರೆ ಅವರ ಕಣ್ಣು ಅರಳುತ್ತಿತ್ತು, ಅದು ಬೇರೆ ಯಾವುದೋ ಗಾಡಿ ಎಂದು ತಿಳಿದಾಗ ಬಾಡುತ್ತಿತ್ತು. “ಇವಳೇನಾರ ಓಗ್ಬುಟ್ರೆ, ಮೇಷ್ಟ್ರೇ, ಆ ಕಾರೇ ನನ್ನ ಕೈಯಾರೆ ಕೊಂದಂಗೆ” ಎಂದರು. ವ್ಯಾಕರಣ ತಪ್ಪಿದ ಆ ವಾಕ್ಯದ ಅರ್ಥ ನನಗೆ ಚೆನ್ನಾಗಿಯೇ ಆಯಿತು.

ಹುಣಸೂರಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ನ್ಯುಮೋನಿಯಾ ಎಂದರು. ಆಗಷ್ಟೇ ಬಳಕೆಗೆ ಬರುತ್ತಿದ್ದ ಸಲ್ಫಾ ಮಾತ್ರೆ ಅದೃಷ್ಟವಶಾತ್ ಅವರ ಬಳಿ ಇತ್ತು. ಹೊತ್ತಿಗೆ ಸರಿಯಾಗಿ ತಂದಿದ್ದೀರಿ, ಕಾದು ನೋಡೋಣ ಎಂದರು. ಮಾರನೆಯ ದಿನ, ಮಾವಿನ ತೋರಣವೂ ಬಾಡಿದ ಹೂವಿನ ಹಾರವೂ ಇನ್ನೂ ತೂಗುತ್ತಿದ್ದ ಕಾರನ್ನು ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿ ಜವರಯ್ಯ ಓಡಿಬಂದ. “ಬುದ್ದಿ, ದಾರೀಲಿ ಗೊತ್ತಾಯ್ತು. ಕಾರ್ ತಂದಿವ್ನಿ. ಅಮ್ಮಾರ್ನ ಮೈಸೂರ್ಗೆ ಕರ್ಕಂಡೋಗಾನ್ವಾ?” ಎಂದ. ಸ್ವಾಮಿಗಳು ಆ ಅಲಂಕಾರದ ಕಡೆಗೆ ಕಣ್ಣೆತ್ತಲಿಲ್ಲ. “ಬ್ಯಾಡ” ಎಂದರು. ಆ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಕೆಲವು ದಿನಗಳ ಆತಂಕದ ತರುವಾಯ ಒಂದು ಬೆಳಗ್ಗೆ ಚೆನ್ನಾಜಮ್ಮನವರು ಮೈಯೆಲ್ಲ ಬೆವರಿ, ಕಣ್ಣು ಬಿಟ್ಟು, ಗಂಜಿ ಬೇಕೆಂದರು. ಸ್ವಾಮಿಗಳು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು.

ಮನೆಗೆ ಕರೆದೊಯ್ಯುವ ದಿನ ಬಂತು. ಎಷ್ಟೇ ಬೇಸರವಿದ್ದರೂ ಸೊರಗಿದ ಜೀವ ಗಾಡಿಯಲ್ಲಿ ಕುಲುಕಬಾರದೆಂದು ಸ್ವಾಮಿಗಳು ಕಾರನ್ನೇ ತರಿಸಿ, ಮೆತ್ತೆ ಹಾಕಿಸಿ, ಬಾಗಿಲು ತೆಗೆದು ನಿಂತರು. ಚೆನ್ನಾಜಮ್ಮನವರು ಹೆಜ್ಜೆ ಮುಂದಿಡಲಿಲ್ಲ.

“ಗಾಡಿ ಕಟ್ಸಿ” ಎಂದರು.

ಸ್ವಾಮಿಗಳ ಮುಖ ಕಪ್ಪಿಟ್ಟಿತು. “ಇನ್ನೂ ಕ್ವಾಪ ಓಗ್ನಿಲ್ವಾ ನಿಂಗೆ? ಅವತ್ತು ದಸ್ರೆಗೆ ಬುಟ್ಟೋದೆ, ಮೊನ್ನೆ ಜ್ವರ್ದಾಗೆ ಬುಟ್ಟೆ. ತಪ್ಪಾಯ್ತು ಕಣೇ.”

“ಕ್ವಾಪ್ವಾ? ಯಾರ್ಗೆ?” ಆಕೆ ನಿಜವಾಗಿಯೂ ಬೆರಗಾದಂತೆ ಕಂಡರು. ಆಮೇಲೆ ಬಳಲಿದ ಮುಖದಲ್ಲಿ ನಗು ಮೂಡಿತು. “ಆ ಎಣ್ಣೆ ವಾಸ್ನೆ ಮೂಗಿಗೆ ಬಡುದ್ರೆ ಸಾಕು, ಕರ್ಳು ಕಿತ್ತು ಬಾಯಿಗೆ ಬತ್ತದೆ ಕಣ್ರೀ ನಂಗೆ. ನಂಜನಗೂಡ್ಗೆ ಓದಾಗ ಸತ್ತೇ ಓದೆ ಅಂದ್ಕಂಡಿದ್ದೆ. ನೀವು ಕಾರ್ನ ಯಾರ್ಗಾರ ಕೊಟ್ಟಾಗೆಲ್ಲ, ಇವತ್ತು ತಪ್ತು ಅಂತ ಒಳೀಕೋಗಿ ನಂಜುಂಡಪ್ಪಂಗೆ ಕೈ ಮುಗೀತಿದ್ದೆ.”

“ಮತ್ತೆ ಒಂದ್ ದಪಾನೂ ಯೋಳ್ನಿಲ್ಲವಲ್ಲ!”

“ಊರೆಲ್ಲ ಅತ್ತೋಕೆ ಆಸೆ ಪಡೋ ಕಾರ್ನ ಮನೆಯಾಕೇನೆ ಬ್ಯಾಡ ಅಂದ್ರೆ ನಿಮ್ ಮರ್ವಾದೆ ಏನಾಗ್ಬೇಕಿತ್ತು? ಮೊನ್ನೆ ಆ ಉಸ್ರಿಲ್ಲದ ಒತ್ನಾಗೆ ಕಾರ್ಗೆ ಆಕಿದ್ರೆ ನಾ ದಾರೀಲೇ ಮುಗ್ದೋಗ್ತಿದ್ದೆ. ಗಾಡಿ ಬಂತಲ್ಲ, ಬದುಕ್ದೆ.”

ಸ್ವಾಮಿಗಳು ಕಾರಿನ ಬಾಗಿಲು ಹಿಡಿದೇ ನಿಂತಿದ್ದರು. ವರ್ಷಾನುವರ್ಷ ಎದೆಯ ಮೇಲೆ ಹೊತ್ತ ಕಲ್ಲು ಇಷ್ಟು ಹಗುರವಾಗಿ ಕೆಳಗಿಳಿದದ್ದನ್ನು ನಂಬುವುದಕ್ಕೆ ಅವರಿಗೆ ತುಸು ಹೊತ್ತು ಬೇಕಾಯಿತು. ಆಮೇಲೆ ಅವರು ನಗತೊಡಗಿದರು, ಜವರಯ್ಯ ನಕ್ಕ, ಕೆಮ್ಮು ಬಂದೀತೆಂದು ಪಕ್ಕೆ ಹಿಡಿದುಕೊಂಡು ಚೆನ್ನಾಜಮ್ಮನವರೂ ನಕ್ಕರು. ಮರಿಯಯ್ಯ ಗಾಡಿ ತಂದ. ಈ ಸಲ ಸ್ವಾಮಿಗಳು ಹೆಂಡತಿಯ ಪಕ್ಕದಲ್ಲಿ ಕುಳಿತರು. ಹಿಂದೆ ಬರಿದಾದ ಕಾರನ್ನು ಜವರಯ್ಯ ಎತ್ತಿನ ನಡಿಗೆಗೆ ಹೊಂದಿಸಿ ನಡೆಸಿಕೊಂಡು ಬಂದ.

ಆ ತಿಂಗಳೇ ಕಾರು ಕೊಪ್ಪದ ಕಾಫಿ ವ್ಯಾಪಾರಿಯೊಬ್ಬರ ಮನೆ ಸೇರಿತು. ಜವರಯ್ಯ ಮೈಸೂರಿನ ಬಸ್ಸಿಗೆ ಡ್ರೈವರಾದ. ಮುಂದೆ ಯುದ್ಧದ ಅಭಾವದಿಂದ ಪೆಟ್ರೋಲಿಗೆ ಪಡಿತರದ ಕೂಪನ್ನು ಬಂದಾಗ, ಸ್ವಾಮಿಗಳು ಮೊದಲೇ ತಿಳಿದು ಮಾರಿದರೆಂದು ಊರು ಅವರ ದೂರದೃಷ್ಟಿಯನ್ನು ಕೊಂಡಾಡಿತು. ಅವರು ತಿದ್ದಲು ಹೋಗಲಿಲ್ಲ. ಕಾರು ಕೇಳಲು ಬಂದವರಿಗೆ ಅವರು “ಕಾರಿಲ್ಲ ಕಣಪ್ಪ” ಎನ್ನುವುದನ್ನು ನಾನು ಜಗಲಿಯಲ್ಲಿ ಕುಳಿತು ಎಷ್ಟೋ ಸಲ ಕೇಳಿದ್ದೇನೆ. ಬೆಲ್ಲದ ಚೂರನ್ನು ನಾಲಗೆಯ ಮೇಲೆ ಹೊರಳಿಸುವಂತೆ ಆ ಮಾತನ್ನು ಹೊರಳಿಸಿ ಆಡುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸದ ಸತ್ಯವಾಗಿತ್ತು ಅದು. ಸಂಜೆಯ ಹೊತ್ತು ನಾಲ್ಕೂ ಕಾರುಗಳ ಕಥೆಯನ್ನು ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು, ದೂರದ ಊರಿನಲ್ಲಿ ಸುಖವಾಗಿರುವ, ಸದ್ಯಕ್ಕೆ ಬರುವ ಸೂಚನೆಯಿಲ್ಲದ ನೆಂಟರ ವಿಷಯ ಹೇಳುವಂತೆ.

ಕೊಡುವವರನ್ನು ಲೋಕ ಹೊಗಳುತ್ತದೆ. ಕೊಟ್ಟು ಕೊಟ್ಟು ಅವರಿಗೆ ದಣಿವಾಗಿದೆಯೇ ಎಂದು ಕೇಳುವುದಿಲ್ಲ. ಔದಾರ್ಯ ಎಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ಪ್ರೀತಿ, ಎಷ್ಟು ಭಾಗ ಎದುರಿಗಿರುವವನ ಮುಖ ಬಾಡುವುದನ್ನು ನೋಡಲಾರದ ಸಂಕಟ ಎಂಬುದನ್ನು ಅಂಥವರೂ ಅಳೆದು ನೋಡಿಕೊಂಡಿರುವುದಿಲ್ಲ. ಅವರ ಭಾಗ್ಯ ಚೆನ್ನಾಗಿದ್ದರೆ, ಅವರ ಮನೆಯೊಳಗೇ ಅವರಷ್ಟೇ ಮೃದುವಾದ ಇನ್ನೊಂದು ಜೀವ, ತನ್ನ ಬೇಡಗಳನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು, ಅವರೊಡನೆ ಬಾಳುತ್ತಿರುತ್ತದೆ. ಇಂಥವರು ನಮ್ಮ ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ನಾವು ಮಾಡಬಹುದಾದ ಪ್ರತ್ಯುಪಕಾರ ಏನೆಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟೇ: ಒಂದು ದಿನ ಅವರ ಮನೆಗೆ ಸುಮ್ಮನೆ ಹೋಗುವುದು, ಕೊಟ್ಟ ನೀರು ಕುಡಿದು ಸ್ವಲ್ಪ ಹೊತ್ತು ಮಾತಾಡಿ, ಏನನ್ನೂ ಕೇಳದೆ ಎದ್ದು ಬರುವುದು.