ಡಾಕ್ಟರಿಗೆ ತಿದ್ದಿ ಕಳಿಸಿದ ಫೋಟೋ

ಹಲ್ಲುನೋವು ಯಾರ ಮನೆಗೆ ಬಂದರೂ ಮೊದಲು ಮನೆಮದ್ದು, ಆಮೇಲೆ ಅಂಗಡಿ ಮಾತ್ರೆ, ಕೊನೆಗೆ ಡಾಕ್ಟರು. ಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟು 'ಸ್ಟುಡಿಯೋ ಅಣ್ಣ' ಎಂದೇ ಹೆಸರಾದವನ ಮನೆಯಲ್ಲೂ ಅದೇ ಆಯಿತು. ಹೆಂಡತಿಯ ಕೆಳದವಡೆ ಊದಿಕೊಂಡಿತ್ತು. ಹಲ್ಲಿನ ಡಾಕ್ಟರು ಇದ್ದದ್ದು ದೂರದ ಪಟ್ಟಣದಲ್ಲಿ.

ಅವನ ತಂಗಿ ಆರೋಗ್ಯ ಕಾರ್ಯಕರ್ತೆ. "ಅಣ್ಣಾ, ಆಸ್ಪತ್ರೆಯ ಹಲ್ಲಿನ ಡಾಕ್ಟರು ಈಗ ಫೋನಲ್ಲೇ ನೋಡ್ತಾರೆ. ಅತ್ತಿಗೆ ಬಾಯಿಯ ಫೋಟೋ ಕಳಿಸು."

"ಫೋನಲ್ಲಿ ನೋಡಿ ಫೋನಲ್ಲೇ ಕೀಳ್ತಾರೇನೇ?"

"ಕೀಳಲ್ಲ. ಯಾವಾಗ ಓಡಿ ಬರಬೇಕು ಅಂತ ಹೇಳ್ತಾರೆ."

ಹೆಂಡತಿಗೆ ನಾಚಿಕೆ. ಹಲ್ಲು ಕಪ್ಪಗಾಗಿದ್ದರಿಂದ ಸ್ವಂತ ಮದುವೆಯ ಫೋಟೋದಲ್ಲೂ ಬಾಯಿ ಬಿಟ್ಟು ನಕ್ಕವಳಲ್ಲ. "ರೀ, ಯಾರ್ಯಾರು ನೋಡ್ತಾರೋ ಏನೋ. ಸ್ವಲ್ಪ ಚೆನ್ನಾಗಿ ಮಾಡಿ ಕಳಿಸಿ," ಎಂದಳು.

ಅವನಿಗೆ ಹೇಳಬೇಕೇ? ಕಂಡವರ ಮೊಡವೆ, ಕಲೆ ಒರೆಸಿಯೇ ಹೊಟ್ಟೆ ಹೊರೆದ ಕೈ ಅದು. ಒಸಡಿನ ಕೆಂಪು ಇಳಿಸಿದ, ಹಲ್ಲು ಬೆಳ್ಳಗೆ ಮಾಡಿದ, ಎರಡು ಕೆನ್ನೆಯನ್ನೂ ಸಮ ಮಾಡಿದ. 'ಸ್ವಲ್ಪ ನೋವು' ಎಂದು ಬರೆದು ಕಳಿಸಿದ.

"ಊತ ಕಾಣ್ತಿಲ್ಲ. ಉಪ್ಪುನೀರಲ್ಲಿ ಮುಕ್ಕಳಿಸಲಿ. ಜಾಸ್ತಿಯಾದರೆ ತಕ್ಷಣ ಕರೆ ಮಾಡಿ," ಎಂದು ಡಾಕ್ಟರು ಉತ್ತರಿಸಿದರು.

ಮರುದಿನ ಮಧ್ಯಾಹ್ನ ಅವಳಿಗೆ ಬಾಯಿ ಬಿಡಲಾಗಲಿಲ್ಲ. ಊತ ಕತ್ತಿಗೆ ಇಳಿದಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಎಂಜಲು ನುಂಗಲೂ ಒದ್ದಾಡುತ್ತಿದ್ದಳು.

"ನಿನ್ನ ಡಾಕ್ಟರು ಊತವೇ ಇಲ್ಲ ಅಂದ್ರಲ್ಲೇ!" ಎಂದು ಗಂಡ, ಓಡಿ ಬಂದ ತಂಗಿಯ ಮೇಲೆ ಹರಿಹಾಯ್ದ.

ತಂಗಿ ಅವನ ಫೋನು ಕಿತ್ತುಕೊಂಡು, ಕಳಿಸಿದ ಫೋಟೋ ನೋಡಿದಳು. ಅತ್ತಿಗೆಯ ಮುಖ ನೋಡಿದಳು.

"ಅಣ್ಣಾ, ಇದು ಯಾರ ಬಾಯಿ?"

"ಅವಳದ್ದೇ ಕಣೇ. ನಾನೇ ತಿದ್ದಿ ಕಳಿಸಿದೆ," ಎಂದ.

ಡಾಕ್ಟರಿಗೆ ಮಾಡಿದ ವಿಡಿಯೋ ಕರೆ ಹತ್ತಿತು, ಸಿಗ್ನಲ್ ಸಾಲದೆ ನಿಂತಿತು. ಮತ್ತೆ ಮಾಡಿದರೆ ಮತ್ತೆ ನಿಂತಿತು. "ವಿಡಿಯೋ ಹಾಳಾಗಲಿ, ಮಾತಲ್ಲೇ ಹೇಳ್ತೀನಿ. ನೀನು ಅತ್ತಿಗೇನ ಕಿಟಕಿ ಬೆಳಕಿಗೆ ಕೂರಿಸಿ ಫೋಟೋ ತೆಗಿ. ಇದ್ದದ್ದು ಇದ್ದ ಹಾಗೆ ಬರಬೇಕು!" ಎಂದು ತಂಗಿ ಡಾಕ್ಟರಿಗೆ ಸಾದಾ ಕರೆ ಮಾಡಿದಳು. ಅವನು ಫೋಟೋ ತೆಗೆದು, ಒಂದು ಕಲೆಯನ್ನೂ ತಿದ್ದದೆ ಕಳಿಸಿದ.

ಫೋಟೋ ತಲುಪಿದ್ದೇ ತಡ, ಡಾಕ್ಟರ ದನಿ ಬದಲಾಯಿತು. "ಸೋಂಕು ಕತ್ತಿಗೆ ಇಳಿದಿದೆ. ಉಸಿರು ಕಟ್ಟಬಹುದು. ಈಗಲೇ ಆಂಬುಲೆನ್ಸಲ್ಲಿ ಕರ್ಕೊಂಡು ಬನ್ನಿ, ಇಲ್ಲಿ ಎಲ್ಲ ತಯಾರಿ ಮಾಡಿಸ್ತೀನಿ."

ದಾರಿಯುದ್ದಕ್ಕೂ ಅವನು ಹೆಂಡತಿಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದ. ಉಸಿರು ತಡವಾದಾಗಲೆಲ್ಲ ಅವನ ಉಸಿರೂ ನಿಲ್ಲುತ್ತಿತ್ತು.

ಕೀವು ತೆಗೆದರು, ಹಲ್ಲು ಕಿತ್ತರು. ಜೀವ ಉಳಿಯಿತು. ಅವಳಿಗೆ ಮತ್ತೆ ಮಾತಾಡಲು ಬಂದ ದಿನ ಗಂಡ, "ನನ್ನಿಂದಲೇ ಹೀಗಾಯ್ತು ಕಣೇ," ಎಂದು ಅತ್ತುಬಿಟ್ಟ.

"ನಾನೇ ತಾನೆ ಹೇಳಿದ್ದು," ಎಂದಳು ಅವಳು. "ಕಪ್ಪು ಹಲ್ಲನ್ನ ಆಸ್ಪತ್ರೆಯವರೆಲ್ಲ ನೋಡಿದ್ರು. ಒಬ್ಬರಾದರೂ ನಕ್ಕರಾ? ಆ ನಾಚಿಕೆಗೆ ನಾನು ಸಾಯ್ತಿದ್ದೆ."

ಅಕ್ಕಂದಿರೇ, ಅಣ್ಣಂದಿರೇ, ಫೋನಿನಲ್ಲಿ ಹಲ್ಲು ತೋರಿಸಲು ಹಿಂಜರಿಯಬೇಡಿ. ಒಳ್ಳೆಯ ಬೆಳಕಲ್ಲಿ ಫೋಟೋ ತೆಗೆಯಿರಿ; ಮುಖ ಚೆಂದ ಮಾಡುವ ಫಿಲ್ಟರ್ ಬೇಡ. ನೋವೆಷ್ಟು, ಏನು ಮದ್ದು ಹಾಕಿದಿರಿ ಎಲ್ಲವನ್ನೂ ಹೇಳಿ. ವಿಡಿಯೋ ನಿಂತರೆ ಮಾತಲ್ಲೇ ತಿಳಿಸಿ. ಆದರೆ ಊತ ಕತ್ತಿಗೆ ಇಳಿದರೆ, ಬಾಯಿ ಬಿಡಲು, ನುಂಗಲು, ಉಸಿರಾಡಲು ಕಷ್ಟವಾದರೆ ಫೋನಿನ ಉತ್ತರಕ್ಕೆ ಕಾಯುತ್ತ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.